ಮಳೆಯಿಲ್ಲದ ಊರಿನಲ್ಲಿ ಸೂರಿನ ಚಿಂತೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ, ಅರಿಜೋನಾ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ, ಕ್ವಾರ್ಟ್ಸ್‌ಸೈಟ್ ಎಂಬುದೊಂದು ಪುಟ್ಟ ಊರು. 2020ರ ಜನಗಣತಿಯಂತೆ ಅಲ್ಲಿಯ ಖಾಯಂ ನಿವಾಸಿಗಳು 2,400ಕ್ಕೆ ತುಸು ಹೆಚ್ಚು. ನಮ್ಮ ಕಡೆಯ ಹೋಬಳಿಯ ಊರುಗಳಲ್ಲಿಯೂ ಇದಕ್ಕಿಂತ ಹೆಚ್ಚು ಜನರಿದ್ದಾರು. ಬೇಸಿಗೆಯಲ್ಲಿ ಅಲ್ಲಿಯ ಬಿಸಿಲು 43 ಡಿಗ್ರಿ ಸೆಂಟಿಗ್ರೇಡನ್ನು ಲೀಲಾಜಾಲವಾಗಿ ದಾಟುತ್ತದೆ. ವರ್ಷವಿಡೀ ಬೀಳುವ ಮಳೆ ಸುಮಾರು ನಾಲ್ಕೈದು ಅಂಗುಲ. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಸುರಿಯುವಷ್ಟನ್ನು ಅಲ್ಲಿಯ ಆಕಾಶ ಹನ್ನೆರಡು ತಿಂಗಳಿಗೆ ಜಿಪುಣತನದಿಂದ ಹಂಚಿಕೊಡುತ್ತದೆ. ಇಂಥ ಊರಿಗೆ ಹೋಗಿ ಹನ್ನೆರಡು ದಿನ ತಂಗಿ, ಹಿಂದಿರುಗುವಾಗ ನಾನು ಹೊತ್ತು ತಂದ ವಿದ್ಯೆ ಯಾವುದೆಂದರೆ, ಸೋರುವ ಮಾಡಿನ ಸಂದು ಮುಚ್ಚುವ ವಿದ್ಯೆ! ವಾಚಕರು ನಕ್ಕರೆ ಆಶ್ಚರ್ಯವಿಲ್ಲ. ನನ್ನ ಮನೆಯವರೂ ನಕ್ಕರು. ಆದರೆ ಆ ಊರಿನ ಚಳಿಗಾಲವನ್ನು ಕಂಡವರು ನಗಲಾರರು.

ಜನವರಿ ಬಂತೆಂದರೆ ಉತ್ತರದ ಸಂಸ್ಥಾನಗಳಲ್ಲಿಯೂ ಕೆನಡಾ ದೇಶದಲ್ಲಿಯೂ ಹಿಮ ಬಿದ್ದು ಬಾಗಿಲು ತೆರೆಯುವುದೇ ಕಷ್ಟವಾಗುತ್ತದೆ. ಆಗ ಅಲ್ಲಿಯ ವೃದ್ಧರು, ನಿವೃತ್ತರು, ಗಾಲಿಗಳ ಮೇಲೆ ಕಟ್ಟಿದ ತಮ್ಮ ಮನೆಗಳನ್ನು ನಡೆಸಿಕೊಂಡು ದಕ್ಷಿಣಕ್ಕೆ ಇಳಿಯುತ್ತಾರೆ. ಇವರಿಗೆ 'ಹಿಮದ ಹಕ್ಕಿಗಳು' ಎಂದೇ ಹೆಸರು. ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ಬಯಲಿದೆ. 11,000 ಎಕರೆಗೂ ಮಿಕ್ಕ ಈ ಸರ್ಕಾರೀ ಮರಳುಗಾಡಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಸ್ವಲ್ಪ ಶುಲ್ಕ ತೆತ್ತು ಪರವಾನಗಿ ಪಡೆದವರು ಎಲ್ಲಿ ಬೇಕಾದರೂ ಗಾಲಿ ನಿಲ್ಲಿಸಿ ಸಂಸಾರ ಹೂಡಬಹುದು. ದೀರ್ಘಕಾಲ ತಂಗುವವರಿಗಾಗಿ ಸರ್ಕಾರದ ಭೂಮಿ ಇಲಾಖೆ 1983ರಲ್ಲಿ ಹಾಕಿದ ಏರ್ಪಾಡು ಇದು. ಕುಡಿಯುವ ನೀರು ತುಂಬಿಕೊಳ್ಳುವ ಸ್ಥಳವೊಂದು, ಕೊಳಚೆ ಸುರಿಯುವ ಸ್ಥಳವೊಂದು; ಉಳಿದಂತೆ ದೀಪವಿಲ್ಲ, ಬೀದಿಯಿಲ್ಲ, ಬಾಗಿಲ ಸಂಖ್ಯೆಯಿಲ್ಲ. ಹೀಗಿದ್ದೂ ಒಂದು ಚಳಿಗಾಲದಲ್ಲಿ ಆ ಊರನ್ನು ಹಾದುಹೋಗುವವರು ಲಕ್ಷಾಂತರ ಮಂದಿ ಎಂದರೆ ನಂಬಬೇಕು. ಸಂಜೆ ದಿಬ್ಬವೊಂದರ ಮೇಲೆ ನಿಂತು ನೋಡಿದರೆ ಕಣ್ಣು ಹರಿದಷ್ಟು ದೂರವೂ ಬಿಳಿಯ ಚಾವಣಿಗಳೇ. ನಡುನಡುವೆ ಸಗ್ವಾರೋ ಎಂಬ ದೈತ್ಯ ಕಳ್ಳಿಗಳು ಕೈ ಎತ್ತಿ ನಿಂತಿರುತ್ತವೆ. ಜಾತ್ರೆಯ ಬಯಲು ಎನ್ನೋಣವೆಂದರೆ ತೇರಿಲ್ಲ. ದಂಡಿನ ಬಿಡಾರ ಎನ್ನೋಣವೆಂದರೆ ಎಲ್ಲರೂ ಅಜ್ಜ ಅಜ್ಜಿಯರು!

ಈ ಊರಿಗೆ ಅಲೆಮಾರಿಗಳು ಹೊಸಬರಲ್ಲ. ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ. ಅದರ ತುದಿಯಲ್ಲಿ ಲೋಹದ ಒಂಟೆ. 1856ರಲ್ಲಿ ಅಮೆರಿಕಾದ ಸೈನ್ಯ, ಮರುಭೂಮಿಯಲ್ಲಿ ಹೇರು ಸಾಗಿಸಲೆಂದು ಒಂಟೆಗಳನ್ನು ಸಮುದ್ರ ದಾಟಿಸಿ ತಂದಿತು. ಅವುಗಳೊಡನೆ ಪೂರ್ವ ದೇಶಗಳ ಒಂಟೆಯಾಳುಗಳೂ ಬಂದರು. ಅವರಲ್ಲಿ ಹಾಜಿ ಅಲಿ ಎಂಬಾತನ ಹೆಸರು ಅಮೆರಿಕನ್ನರ ನಾಲಿಗೆಯಲ್ಲಿ ಹೊರಳಿ 'ಹೈ ಜಾಲಿ' ಆಯಿತು. ಒಂಟೆಗಳ ಪ್ರಯೋಗ ಮುರಿದುಬಿತ್ತು. ಆತ ಮಾತ್ರ ಅಲ್ಲಿಯೇ ಉಳಿದು 1902ರಲ್ಲಿ ಮಡಿದ. 1935ರಲ್ಲಿ ಸಂಸ್ಥಾನದ ರಸ್ತೆ ಇಲಾಖೆಯವರು ಈ ಸ್ಮಾರಕ ಕಟ್ಟಿಸಿದರು. ಮನೆಯನ್ನು ಬೆನ್ನ ಮೇಲೆ ಹೇರಿಕೊಂಡು ಮರಳು ದಾಟಿದವನ ಗೋರಿಯ ಸುತ್ತ, ಈಗ ಮನೆಯೊಳಗೇ ಕುಳಿತು ಮರಳು ದಾಟುವವರ ಬಿಡಾರ.

ನನ್ನ ಮಗಳೂ ಅಳಿಯಂದಿರೂ ಫೀನಿಕ್ಸ್ ನಗರದಲ್ಲಿದ್ದಾರೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 125 ಮೈಲಿ ಹೋದರೆ ಈ ಊರು. ಅಳಿಯಂದಿರು ಹಿಂದಿನ ವರ್ಷ ಒಂದು ಮೋಟಾರು ಮನೆಯನ್ನು ಎರಡನೆಯ ಕೈಯಲ್ಲಿ ಕೊಂಡಿದ್ದರು, ಮೂವತ್ತಡಿ ಉದ್ದ. ಅದರಲ್ಲಿ ಅಡುಗೆಯ ಒಲೆ, ಶೀತಪೆಟ್ಟಿಗೆ, ಸ್ನಾನದ ಕೋಣೆ, ಎರಡು ಮಂಚ, ಊಟದ ಮೇಜು ಎಲ್ಲವೂ ಇದ್ದುವು. ನನ್ನ ಮನೆಯವರು ಅದನ್ನು ಮೊದಲು ಕಂಡಾಗ ಒಳಗೆ ಕಾಲಿಟ್ಟು, ಕಪಾಟುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, "ದೇವರ ಗೂಡಿಗೆ ಮಾತ್ರ ಜಾಗವಿಲ್ಲ" ಎಂದು ತೀರ್ಪು ಕೊಟ್ಟರು. ಮಗಳು ಒಲೆಯ ಮೇಲಿನ ಒಂದು ಚಿಕ್ಕ ಅರೆಯನ್ನು ಖಾಲಿ ಮಾಡಿಕೊಟ್ಟಳು. ಆ ಅರೆಯಲ್ಲಿ ದೀಪವಿಡುವಾಗಲೇ ಅವರ ಕಣ್ಣಿಗೆ, ಮೇಲ್ಮುಚ್ಚಿಗೆಯ ಮೇಲೆ ಒಂದು ಕಲೆ ಬಿತ್ತು. ಚಹಾ ಚೆಲ್ಲಿ ಒಣಗಿದಂತೆ, ಅಂಚು ಕಂದಾಗಿ, ಅಂಗೈಯಗಲದ ಕಲೆ.

"ಇದು ಸೋರಿದ ಗುರುತು. ತೀರ್ಥಹಳ್ಳಿಯ ಮನೆಯಲ್ಲಿ ನಲವತ್ತು ಮಳೆಗಾಲ ನೋಡಿದ್ದೇನೆ" ಎಂದರು.

ಅಳಿಯಂದಿರು ಮೌನವಾಗಿ ಆ ಕಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಹಲಗೆ ಗಟ್ಟಿಯಾಗಿತ್ತು. "ಇನ್ನೂ ಮರ ಕೊಳೆತಿಲ್ಲ, ಅತ್ತೆ. ಕ್ವಾರ್ಟ್ಸ್‌ಸೈಟಿನಲ್ಲಿ ಹತ್ತಿ ನೋಡುತ್ತೇನೆ" ಎಂದರು.

ಇಲ್ಲಿ ವಾಚಕರಿಗೆ ಈ ಮಾಡಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮಲೆನಾಡಿನ ಹೆಂಚಿನ ಮನೆಯಲ್ಲಿ ಎಲ್ಲವೂ ಬಯಲು. ಹೆಂಚು ಒಡೆದರೆ ಒಳಗಿನಿಂದ ಆಕಾಶ ಕಾಣುತ್ತದೆ. ಹನಿ ಬಿದ್ದಲ್ಲಿ ತಪ್ಪಲೆ ಇಟ್ಟು, ಮಳೆ ನಿಂತ ಮೇಲೆ ಆಳನ್ನು ಹತ್ತಿಸಿ ಆ ಹೆಂಚನ್ನೇ ಬದಲಿಸಬಹುದು. ಮೋಟಾರು ಮನೆಯ ಮಾಡು ಹಾಗಲ್ಲ. ಅದೊಂದು ಪದರ ಪದರದ ಚಿರೋಟಿ. ಅಡಿಯಲ್ಲಿ ನಮಗೆ ಕಾಣುವ ತೆಳುವಾದ ಮೇಲ್ಮುಚ್ಚಿಗೆ. ಅದರ ಮೇಲೆ ಮರದ ಅಥವಾ ಅಲ್ಯೂಮಿನಿಯಮ್ಮಿನ ತೊಲೆಗಳು, ತೊಲೆಗಳ ನಡುವೆ ಶಾಖ ತಡೆಯುವ ನೊರೆಹಲಗೆ. ಅದರ ಮೇಲೆ ಅರ್ಧ ಅಂಗುಲಕ್ಕೂ ಕಡಿಮೆ ದಪ್ಪದ ಪದರುಹಲಗೆ. ಎಲ್ಲಕ್ಕೂ ಮೇಲೆ ಅಂಟಿಸಿದ ಒಂದು ತೊಗಲು. ಈ ತೊಗಲು ಹಳೆಯ ವಾಹನಗಳಲ್ಲಿ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ತಗಡು. ಈಚಿನ ಹೆಚ್ಚಿನವುಗಳಲ್ಲಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು, ಇಲ್ಲವೆ ಟಿ.ಪಿ.ಓ. ಎಂಬ ಪ್ಲಾಸ್ಟಿಕ್ಕು.

ತೊಗಲು ಅಖಂಡವಾಗಿದ್ದರೆ ಚಿಂತೆಯೇ ಇರಲಿಲ್ಲ. ಆದರೆ ಮನುಷ್ಯನಿಗೆ ಗಾಳಿ ಬೇಕು. ಹದಿನಾಲ್ಕಂಗುಲ ಚೌಕದ ಕಿಂಡಿ ಕೊರೆದು ಪಂಖ ಕೂರಿಸುತ್ತಾರೆ. ತಂಪು ಬೇಕು, ಅಷ್ಟೇ ಅಳತೆಯ ಇನ್ನೊಂದು ಕಿಂಡಿ. ಸ್ನಾನದ ಕೋಣೆಗೆ ಬೆಳಕಿಂಡಿ, ಕೊಳಚೆಯ ತೊಟ್ಟಿಗೆ ಉಸಿರುಗೊಳವೆ, ಶೀತಪೆಟ್ಟಿಗೆಗೆ ಹೊಗೆಗೂಡು, ಟೆಲಿವಿಷನ್ನಿನ ಕಂಬ, ಸೂರ್ಯಶಕ್ತಿಯ ಹಲಗೆಗಳು. ಮನೆಯ ಒಂದೊಂದು ಸೌಕರ್ಯವೂ ನೆತ್ತಿಯಲ್ಲಿ ಒಂದೊಂದು ತೂತು. ಪ್ರತಿಯೊಂದು ತೂತಿನ ಸುತ್ತಲೂ ತಿರುಪುಮೊಳೆಗಳು, ಅವುಗಳ ಮೇಲೆ ನೀರು ಇಳಿಯದಂತೆ ಸುರಿದ ಅಂಟು. ಇದನ್ನು ಅವರು ಸೀಲೆಂಟು ಎನ್ನುತ್ತಾರೆ. ಮಳೆಗೂ ಮಂಚಕ್ಕೂ ನಡುವೆ ನಿಂತ ಕಾವಲು ಎಂದರೆ ಈ ಕಾಲಂಗುಲ ದಪ್ಪದ ಅಂಟು, ಅಷ್ಟೆ.

ಈ ಅಂಟಿನ ಶತ್ರು ಮಳೆಯಲ್ಲ, ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಅದರ ಮಾರ್ದವವನ್ನು ಹೀರಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡಿಸುತ್ತವೆ. ಹಗಲು ಕಾದು ಹಿಗ್ಗಿ, ರಾತ್ರಿ ಆರಿ ಕುಗ್ಗಿ, ತೊಗಲೂ ಚೌಕಟ್ಟೂ ದಿನಕ್ಕೊಮ್ಮೆ ಜಗಳವಾಡುತ್ತವೆ. ಇದರ ಮೇಲೆ ರಸ್ತೆಯ ಕುಲುಕಾಟ. ನಿಂತ ಮನೆಗೆ ಅಪರೂಪಕ್ಕೊಮ್ಮೆ ಬರುವ ಭೂಕಂಪ, ಓಡುವ ಮನೆಗೆ ನಿತ್ಯದ ಪಾಡು ಎಂದು ಅಳಿಯಂದಿರು ಹೇಳುತ್ತಾರೆ. ಹೀಗಾಗಿ ಮಳೆಯಿಲ್ಲದ ಮರುಭೂಮಿಯೇ ಅಂಟಿಗೆ ಅತ್ಯಂತ ಕೆಟ್ಟ ಜಾಗ. ವಿಪರೀತವೇನೆಂದರೆ, ಅಲ್ಲಿ ಮಳೆ ಬೀಳದ ಕಾರಣ ಕೆಟ್ಟದ್ದು ಯಾರಿಗೂ ತಿಳಿಯುವುದಿಲ್ಲ. ಬಿರುಕು ಅರಿಜೋನಾದಲ್ಲಿ ಹುಟ್ಟುತ್ತದೆ, ನೀರು ಆರೆಗಾನಿನಲ್ಲಿ ಒಳಹೊಗುತ್ತದೆ. ಒಳಹೊಕ್ಕ ನೀರೂ ನೇರವಾಗಿ ಕೆಳಗೆ ಬೀಳದೆ, ತೊಲೆಯ ಪಕ್ಕದಲ್ಲಿ, ವಿದ್ಯುತ್ ತಂತಿಯ ಜಾಡಿನಲ್ಲಿ ಹರಿದು, ಐದಾರು ಅಡಿ ಆಚೆ ಎಲ್ಲಿಯೋ ಕಲೆಯಾಗಿ ತೋರುತ್ತದೆ. ಕಲೆ ಕಾಣುವ ಹೊತ್ತಿಗೆ ಮೇಲಿನ ಪದರುಹಲಗೆ ಎಷ್ಟೋ ತಿಂಗಳ ಕಾಲ ನೀರು ಕುಡಿದಿರಬಹುದು. ಹೆಂಚಿನ ಮನೆಯಲ್ಲಿ ಹನಿ ಮೊದಲ ಸುದ್ದಿ; ಇಲ್ಲಿ ಅದು ಕೊನೆಯ ಸುದ್ದಿ.

ಆದುದರಿಂದ ಬಲ್ಲವರು ಸೋರುವುದನ್ನು ಕಾಯುವುದಿಲ್ಲ. ಮೂರು ತಿಂಗಳಿಗೊಮ್ಮೆ, ಕಡೆಯ ಪಕ್ಷ ವರ್ಷಕ್ಕೆ ಎರಡು ಬಾರಿ, ಏಣಿ ಹಾಕಿ ಹತ್ತಿ ನೋಡುತ್ತಾರೆ. ಲಾ ಪೋಸಾದಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲೊಬ್ಬರು ಇಲ್ಲೊಬ್ಬರು ಮಾಡಿನ ಮೇಲೆ ಮಂಡಿಯೂರಿ ಕುಳಿತಿರುವುದನ್ನು ಕಂಡು, ಇದೇನು ಸೂರ್ಯೋಪಾಸನೆಯೋ ಎಂದು ನಾನು ಕೇಳಿದೆ. ಹತ್ತರವರೆಗೆ ಕಾಯುವುದಕ್ಕೂ ಕಾರಣವುಂಟು. ಜನವರಿಯ ರಾತ್ರಿ ಅಲ್ಲಿ ಕೊರೆಯುವ ಚಳಿ. ಅಂಟು ಸರಿಯಾಗಿ ಹರಿದು ಕೂರಬೇಕಾದರೆ ಹವೆ 10 ಡಿಗ್ರಿ ಸೆಂಟಿಗ್ರೇಡಿಗೆ ಮೇಲಿರಬೇಕು.

ಜನವರಿಯಲ್ಲಿ ಊರಿನ ಪಕ್ಕದಲ್ಲಿ ಒಂದು ಮಹಾ ಡೇರೆ ಏಳುತ್ತದೆ. ಅದರೊಳಗೆ ಮೋಟಾರು ಮನೆಯ ಪ್ರದರ್ಶನ. ಸುತ್ತಮುತ್ತ 1967ರಿಂದ ನಡೆದುಬಂದಿರುವ ಕಲ್ಲು ರತ್ನಗಳ ಸಂತೆ. ಡೇರೆಯಲ್ಲಿ ಬಾಣಲೆ, ಚಾಕು, ಕಾಲುನೋವಿನ ಲೇಪ, ಹಾಸಿಗೆ ಎಲ್ಲ ಮಾರುತ್ತಾರೆ. ಆದರೆ ಜನ ಕಿಕ್ಕಿರಿದಿದ್ದುದು ಅಂಟು ಮಾರುವವರ ಮುಂದೆ. ಒಬ್ಬ ಮಾರಾಟಗಾರ, ನೂರು ತೂತು ಕೊರೆದ ತಗಡಿನ ತೊಟ್ಟಿಗೆ ಪಟ್ಟಿ ಅಂಟಿಸಿ ನೀರು ತುಂಬಿ ತೋರಿಸುತ್ತಿದ್ದ. ಮುದುಕರು ಕಣ್ಣರಳಿಸಿ ನೋಡುತ್ತಿದ್ದರು. ಅಳಿಯಂದಿರು ಅವನ ವಾಗ್ವೈಖರಿಗೆ ಮನಸೋಲದೆ, ಎರಡು ಬಗೆಯ ಸೀಲೆಂಟನ್ನೂ ಒಂದು ಸುರುಳಿ ಪಟ್ಟಿಯನ್ನೂ ಕೊಂಡು ಹೊರಬಂದರು.

ಎರಡು ಬಗೆ ಏಕೆ? ಒಂದು, ತಾನೇ ಹರಡಿಕೊಂಡು ಸಮನಾಗುವಂಥದು. ಕಾವಲಿಯ ಮೇಲೆ ಹುಯ್ದ ನೀರುದೋಸೆಯ ಹಿಟ್ಟಿನಂತೆ ಹರಿದು, ಮೊಳೆಯ ತಲೆಯನ್ನೂ ಅಂಚನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಸಮತಟ್ಟಾದ ಮಾಡಿಗೆ ಇದು ಸರಿ. ಇಳಿಜಾರಿನಲ್ಲಿ, ಗೋಡೆಯ ಅಂಚಿನಲ್ಲಿ ಇದನ್ನು ಹಾಕಿದರೆ ಕಣ್ಣೀರಿನಂತೆ ಇಳಿದುಹೋಗುತ್ತದೆ; ಅಲ್ಲಿಗೆ ಹಾಕಿದಲ್ಲಿಯೇ ನಿಲ್ಲುವ ಎರಡನೆಯ ಬಗೆ. ಇವುಗಳಲ್ಲಿ ಡೈಕಾರ್ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಅದನ್ನು ತಯಾರಿಸುವ ಎಲ್ಕ್‌ಹಾರ್ಟ್ ಪಟ್ಟಣವೇ ಈ ವಾಹನಗಳ ತವರೂ ಹೌದು. ಇಂಡಿಯಾನಾ ಸಂಸ್ಥಾನದ ಆ ಒಂದು ಜಿಲ್ಲೆಯ ಸುತ್ತಿನಲ್ಲಿಯೇ ಅಮೆರಿಕಾದ ಬಹುಪಾಲು ಗಾಲಿಮನೆಗಳು ಹುಟ್ಟುತ್ತವೆ. ಸುರುಳಿ ಪಟ್ಟಿ, ಉದ್ದನೆಯ ಸೀಳಿಗೆ. ಅದರ ಬೆನ್ನಿನ ಅಂಟು ಎಷ್ಟು ಬಲವೆಂದರೆ ಒಮ್ಮೆ ಕೂತ ಪಟ್ಟಿಯನ್ನು ಎತ್ತಿ ನೇರ ಮಾಡುತ್ತೇನೆಂಬ ಆಸೆ ಬೇಡ.

ಮರುದಿನ ಅಳಿಯಂದಿರು ಮಾಡು ಹತ್ತಿದರು. ಕಲೆಯಿಂದ ನಾಲ್ಕಡಿ ಮುಂದೆ, ಪಂಖದ ಚೌಕಟ್ಟಿನ ಒಂದು ಮೂಲೆಯಲ್ಲಿ ಅಂಟು ಎದ್ದು ಉಗುರಿನಷ್ಟು ಸಂದು ಬಿಟ್ಟಿತ್ತು. ನಾನು ಏಣಿಯ ತುದಿಯಲ್ಲಿ ನಿಂತು ಸಾಮಗ್ರಿ ಒದಗಿಸುವ ಸಹಾಯಕ. ಹೊಸ ಅಂಟು ಹಾಕುವುದು ಹತ್ತು ನಿಮಿಷದ ಕೆಲಸವೆಂದು ತಿಳಿದಿದ್ದವರಿಗೆ ಹೇಳುತ್ತೇನೆ: ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಹಳೆಯದನ್ನು ಕೀಳುವುದು. ಕಬ್ಬಿಣದ ಕರಣೆ ಮುಟ್ಟಿಸಿದರೆ ತೊಗಲು ಸೀಳುತ್ತದೆಂದು ಪ್ಲಾಸ್ಟಿಕ್ಕಿನ ಅಲಗಿನಿಂದ, ಬಿಸಿಗಾಳಿ ಊದಿ ಮೆತ್ತಗೆ ಮಾಡುತ್ತ, ಸಡಿಲವಾದುದನ್ನೆಲ್ಲ ಕಿತ್ತರು. ಗಟ್ಟಿಯಾಗಿ ಹಿಡಿದಿದ್ದುದನ್ನು ಬಿಟ್ಟರು. ಅದೇ ಜಾತಿಯ ಹೊಸ ಅಂಟು ಅದರ ಮೇಲೆ ಕೂರುತ್ತದೆ. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಮದ್ಯಸಾರದ ಬಟ್ಟೆಯಿಂದ ಒರಸಿದರು. ರಬ್ಬರಿನ ಮಾಡಿಗೆ ಪೆಟ್ರೋಲಿಯಂ ಜಾತಿಯ ದ್ರಾವಣ ತಾಗಬಾರದು. ರಬ್ಬರು ಊದಿಕೊಂಡು ಗುಳ್ಳೆಯೇಳುತ್ತದೆ. ಎರಡು ತಿರುಪುಮೊಳೆ ಬರಿದೆ ಸುತ್ತುತ್ತಿದ್ದುವು. ಅವಕ್ಕೆ ಬದಲಾಗಿ ತುಸು ದಪ್ಪನೆಯವನ್ನು ಹಾಕಿದರು. ಚೌಕಟ್ಟಿನ ಅಡಿಯಲ್ಲಿ ಕಣಕದಂತಹ ಬ್ಯೂಟೈಲ್ ಪಟ್ಟಿಯ ಹಾಸು ಇನ್ನೂ ಜೀವಂತವಾಗಿದ್ದುದರಿಂದ ಚೌಕಟ್ಟನ್ನು ಎಬ್ಬಿಸಬೇಕಾಗಲಿಲ್ಲ. ಆಮೇಲೆ, ಪಿಚಕಾರಿಯಂತಹ ಸಾಧನದಲ್ಲಿ ಕೊಳವೆ ತೊಡಿಸಿ, ಅಂಚಿನುದ್ದಕ್ಕೂ ಒಂದೇ ಧಾರೆಯಾಗಿ ಹುಯ್ದರು. ಕೆಲವೇ ನಿಮಿಷದಲ್ಲಿ ಕೆನೆ ಕಟ್ಟಿತು. ಪೂರ್ತಿ ಮಾಗುವುದಕ್ಕೆ ಮಾತ್ರ ಒಂದು ತಿಂಗಳವರೆಗೂ ಹಿಡಿಯುತ್ತದಂತೆ. ಬೆಳಗಿನಿಂದ ನಡುಹಗಲು ಮೂರರವರೆಗೆ ನಡೆದ ಈ ಕೆಲಸಕ್ಕೆ ಹಿಡಿದುದು ಎರಡು ಕೊಳವೆ ಅಂಟು. ಮಗಳು ಕೆಳಗಿನಿಂದ ಮೂರು ಬಾರಿ ಊಟಕ್ಕೆ ಕರೆದಳು.

ಸಂಜೆ ಬಿಡಾರಗಳ ನಡುವೆ ಬೆಂಕಿ ಹಾಕಿಕೊಂಡು ಜನ ಕೂರುತ್ತಾರೆ. ಅಲ್ಲಿ ರಾಜಕಾರಣಕ್ಕಿಂತ ಬಿಸಿಯಾಗಿ ಚರ್ಚೆಯಾಗುವ ವಿಷಯ ಇದೇ: ಮಾಡನ್ನು ತಾನೇ ಸರಿಪಡಿಸಬೇಕೋ, ಕಸುಬಿನವರನ್ನು ಕರೆಯಬೇಕೋ? ಒಂದು ಪಂಥದವರು, ತನ್ನ ನೆತ್ತಿಯ ಸೂರನ್ನು ತಾನು ಮುಟ್ಟಿ ನೋಡದವನಿಗೆ ಮನೆಯೇಕೆ ಎನ್ನುತ್ತಾರೆ. ಕೊಳವೆಯೊಂದಕ್ಕೆ ಕೆಲವು ಡಾಲರು. ಕಸುಬಿನವರು ಮಾಡಿಗೆಲ್ಲ ಹೊಸ ತೊಗಲು ಹೊದಿಸಿದರೆ ಸಾವಿರಾರು ಡಾಲರು. ಇನ್ನೊಂದು ಪಂಥದವರು, ಎಪ್ಪತ್ತು ದಾಟಿದವನು ಹನ್ನೊಂದಡಿ ಎತ್ತರದಿಂದ ಬಿದ್ದರೆ ಆಸ್ಪತ್ರೆಯ ಲೆಕ್ಕ ಎಷ್ಟಾಗುತ್ತದೆ ಗೊತ್ತೆ ಎಂದು ಕೇಳುತ್ತಾರೆ. ನನಗೆ ಕಂಡಂತೆ ಎರಡೂ ಪಂಥದವರು ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ಹೇಳುತ್ತಿದ್ದರು. ಅಂಟು ಕೆಟ್ಟಿದೆಯೋ, ಅದರ ಅಡಿಯ ಮರವೂ ಕೆಟ್ಟಿದೆಯೋ ಎಂಬುದೇ ಮೊದಲ ಪ್ರಶ್ನೆ. ಅಂಟು ಮಾತ್ರವಾದರೆ ಅದು ಗೃಹಕೃತ್ಯ. ಮರವಾದರೆ ಅದು ಶಸ್ತ್ರಚಿಕಿತ್ಸೆ. ಇದು ನನಗೆ ಸ್ಪಷ್ಟವಾದುದು ನಮ್ಮ ನೆರೆಯ ಹೆಂಗಸಿನಿಂದ.

ಆಕೆಗೆ ಎಪ್ಪತ್ತೆರಡು ವರ್ಷ, ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಊರಿನ ಮನೆಯನ್ನು ಅವರಿಬ್ಬರೂ ಹಿಂದೆಯೇ ಮಾರಿದ್ದುದರಿಂದ ಆಕೆಗೆ ಈ ಭೂಮಿಯ ಮೇಲೆ ಇದ್ದ ಮನೆ ಎಂದರೆ ಇಪ್ಪತ್ತು ವರ್ಷ ದಾಟಿದ ಆ ವಾಹನವೊಂದೇ. ಚಳಿಗಾಲ ಇಲ್ಲಿ, ಬೇಸಿಗೆಯಲ್ಲಿ ಮಗಳಿರುವ ಆರೆಗಾನಿನ ಕಡಲ ತೀರ. ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಮಂಚದ ಗೂಡೊಂದು ಆ ಬಗೆಯ ವಾಹನಗಳಲ್ಲಿರುತ್ತದೆ. ಓಡುವಾಗ ಗಾಳಿಯೂ ಮಳೆಯೂ ನೇರವಾಗಿ ಅಪ್ಪಳಿಸುವುದು ಅಲ್ಲಿಗೇ. ಸೋರಿಕೆಗೆ ಹೆಸರಾದ ಜಾಗವೂ ಅದೇ. ಮಂಚದ ಮೂಲೆಯಲ್ಲಿ ಗೋಡೆಯ ಕಾಗದ ಉಬ್ಬಿದೆ, ನೋಡುತ್ತೀರಾ ಎಂದು ಆಕೆ ಅಳಿಯಂದಿರನ್ನು ಕರೆದರು. ಅಳಿಯಂದಿರು ಒಳಗೆ ಹೋಗಿ ಬೆರಳಿಟ್ಟರು. ಬೆರಳು ಒಳಗೆ ಹೋಯಿತು.

ಹೊರಗೆ ಬಂದು ನನಗೆ ಕನ್ನಡದಲ್ಲಿ, "ಮಾವ, ಇದು ನನ್ನ ಕೈಯ ಕೆಲಸವಲ್ಲ. ಇದರ ಮೇಲೆ ಅಂಟು ಹಾಕಿದರೆ ಹುಣ್ಣಿನ ಮೇಲೆ ಹೊಲಿಗೆ ಹಾಕಿದ ಹಾಗೆ" ಎಂದರು.

ಆಕೆಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. "ನಾನು ಇದನ್ನು ಬಿಡಬೇಕಾಗುತ್ತದೆಯೇ?" ಎಂದು ಕೇಳಿದರು.

ಮರುದಿನ ಮೇಸ್ತ್ರಿ ಬಂದ. ನಮ್ಮ ಬೀದಿಗಳಿಗೆ ಹಿಂದೆ ಕಲಾಯಿಯವರು ತಿದಿ ಹೊತ್ತು ಬರುತ್ತಿದ್ದಂತೆ, ಇಲ್ಲಿ ಈ ಕಸುಬಿನವರು ಸರಕೆಲ್ಲ ತುಂಬಿದ ಬಂಡಿಯೊಡನೆ ಬಿಡಾರದ ಬಾಗಿಲಿಗೇ ಬರುತ್ತಾರೆ. ಐವತ್ತರ ಪ್ರಾಯದ, ಮಾತು ಕಡಿಮೆಯ ಮನುಷ್ಯ. ಅವನು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಕಿಟಕಿ ಬಾಗಿಲು ಮುಚ್ಚಿಸಿ, ಚಾವಣಿಯ ಗಾಳಿಕಿಂಡಿಗೆ ಒಂದು ಊದುಯಂತ್ರ ಕೂರಿಸಿ, ವಾಹನದ ಒಳಗೆ ಗಾಳಿ ತುಂಬಿದ. ಆಮೇಲೆ ಹೊರಗೆ ಸಂದುಗಳ ಮೇಲೆಲ್ಲ ಸೋಪಿನ ನೀರು ಸಿಂಪಡಿಸಿದ. ಒಳಗಿನ ಗಾಳಿ ಎಲ್ಲಿ ದಾರಿ ಕಂಡುಕೊಂಡಿತೋ ಅಲ್ಲೆಲ್ಲ ಗುಳ್ಳೆ ಎದ್ದುವು. ಸೈಕಲ್ಲಿನ ರಬ್ಬರು ಕೊಳವೆಯನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ತೂತು ಹುಡುಕುವ ಉಪಾಯವೇ. ಮನೆಗೇ ಪ್ರಯೋಗಿಸಿದ್ದು ಮಾತ್ರ ಹೊಸತು. ಹಿಂಬದಿಯೆಲ್ಲ ಶುದ್ಧ. ಮುಂಬದಿಯ ಎರಡು ಮೂಲೆಗಳಲ್ಲಿಯೂ, ಅವನ್ನು ಸೇರಿಸುವ ಅಡ್ಡಪಟ್ಟಿಯಲ್ಲಿಯೂ, ಗುಳ್ಳೆಗಳು ಮಲ್ಲಿಗೆಯ ದಂಡೆಯಂತೆ ಅರಳಿದುವು.

ಆ ಮೂಲೆಗಳ ಮೇಲೆ ಅಂಟು ಇರಲಿಲ್ಲವೆಂದಲ್ಲ, ಮಿತಿಮೀರಿ ಇತ್ತು. ಆಕೆಯ ಗಂಡ ಪ್ರತಿ ವರ್ಷವೂ ತಪ್ಪದೆ ಏಣಿ ಹತ್ತಿ, ಕೊಳವೆಗಟ್ಟಲೆ ಸಿಲಿಕೋನ್ ಸವರಿದ್ದರು. ಸ್ನಾನದ ಕೋಣೆಯ ಸಂದಿಗೆ ಒಳ್ಳೆಯ ವಸ್ತು ಅದು. ಈ ಮಾಡಿಗೆ ಸಲ್ಲದು. ಅದು ತೊಗಲನ್ನು ಗಟ್ಟಿಯಾಗಿ ಹಿಡಿಯದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ; ಅದರ ಮೇಲೆ ಬೇರೆ ಯಾವ ಅಂಟೂ ನಿಲ್ಲುವುದಿಲ್ಲ, ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನೂ ನೆಚ್ಚಿಗೆಯಿಲ್ಲ. ಮಾಡಿಗೆಲ್ಲ ಬಳಿಯುವ ಸಿಲಿಕೋನ್ ಲೇಪವೆಂಬುದೊಂದು ಇದೆ, ಅದರ ಮಾತು ಬೇರೆ. ಅದನ್ನೂ ಒಮ್ಮೆ ಬಳಿದರೆ ಮುಂದೆಲ್ಲ ಅದನ್ನೇ ಬಳಿಯಬೇಕು. ಪದರದ ಮೇಲೆ ಪದರವಾಗಿ ಹನ್ನೆರಡು ಹದಿಮೂರು ವರ್ಷದ ಶ್ರದ್ಧೆ ಅಲ್ಲಿ ಗಟ್ಟಿಗೊಂಡಿತ್ತು. ಅದರ ಅಡಿಯಲ್ಲಿ ನೀರು ತನ್ನ ಪಾಡಿಗೆ ಹೋಗಿ ಬರುತ್ತಿತ್ತು.

ಮೇಸ್ತ್ರಿ ಎರಡು ದಾರಿ ಹೇಳಿದ. ದೂರದ ಕಾರ್ಖಾನೆಗೆ ಒಯ್ದು ಇಡೀ ಮಾಡನ್ನು ಬಿಚ್ಚಿ ಹೊಸದಾಗಿ ಹೊದಿಸುವುದು ಒಂದು. ಆ ಹಣ ಆಕೆಯ ಬಳಿ ಇರಲಿಲ್ಲ, ಅಷ್ಟು ದಿನ ತಂಗಲು ಬೇರೆ ಮನೆಯೂ ಇರಲಿಲ್ಲ. ಮುಂಭಾಗದ ಆರಡಿಯನ್ನು ಮಾತ್ರ ತೆರೆದು, ಕೊಳೆತದ್ದನ್ನು ಕೊಯ್ದು ಹಾಕಿ, ಹೊಸ ಮರ ಕೂರಿಸಿ, ಅಲ್ಲಿಯ ತೊಗಲನ್ನು ಬದಲಿಸಿ ಸಂದು ಕಟ್ಟುವುದು ಇನ್ನೊಂದು. "ತೆರೆದ ಮೇಲೆ ತೊಲೆಗಳೂ ಹೋಗಿದ್ದರೆ ನಾನು ನಿಮ್ಮ ಹಣ ತೆಗೆದುಕೊಳ್ಳುವುದಿಲ್ಲ, ಆಗ ಈ ವಾಹನದ ಮೇಲೆ ಹಣ ಹಾಕಬೇಡಿ ಎಂದೇ ಹೇಳುತ್ತೇನೆ" ಎಂದ. ಎರಡನೆಯದಕ್ಕೆ ತಗಲುವ ವೆಚ್ಚ ಆಕೆಯ ಎರಡು ತಿಂಗಳ ನಿವೃತ್ತಿ ವೇತನ. ಆಕೆ ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ತೆರೆಯಿರಿ ಎಂದರು.

ಸಿಲಿಕೋನ್ ಕೆರೆಯುವುದಕ್ಕೇ ಒಂದೂವರೆ ದಿನ ಹಿಡಿಯಿತು. ಬಿಳಿಯ ಸುರುಳಿಗಳು, ತೆಂಗಿನ ತಿರುಳಿನ ಚೂರುಗಳಂತೆ, ಮರಳಿನ ಮೇಲೆ ಬೀಳುತ್ತಿದ್ದುವು. ಆಕೆ ಮಡಿಚುಕುರ್ಚಿಯ ಮೇಲೆ ಕೆಳಗೆ ಕುಳಿತು ಅವನ್ನೇ ನೋಡುತ್ತಿದ್ದರು. ನನ್ನ ಮನೆಯವರು ಪಕ್ಕದಲ್ಲಿ ಹೋಗಿ ಕುಳಿತರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಕಾಫಿಯ ಲೋಟವೊಂದು ಕೈ ಬದಲಾಯಿಸಿತು, ಅಷ್ಟೆ. ಎರಡನೆಯ ದಿನ ತೊಗಲನ್ನು ಮಡಿಸಿ ಪದರುಹಲಗೆಯನ್ನು ಎತ್ತಿದಾಗ ಅದು ನೆಂದ ರಸ್ಕಿನಂತೆ ಮುದ್ದೆಮುದ್ದೆಯಾಗಿ ಬಂತು. ಮೇಸ್ತ್ರಿ ಒಂದೊಂದೇ ತೊಲೆಗೆ ಉಳಿಯ ಮೊನೆ ಚುಚ್ಚಿ ನೋಡಿದ. ಮೊದಲನೆಯದು ಹೋಗಿತ್ತು. ಎರಡನೆಯದರ ಒಂದು ತುದಿ ಹೋಗಿತ್ತು. ಮೂರನೆಯದರಲ್ಲಿ ಉಳಿ ನಿಂತಿತು. ನಾಲ್ಕನೆಯದರಲ್ಲಿಯೂ ನಿಂತಿತು. "ಉಳಿಯಿತು" ಎಂದಷ್ಟೆ ಹೇಳಿ ಗರಗಸ ಕೈಗೆ ತೆಗೆದುಕೊಂಡ.

ಆಕೆ ಕೇಳಬೇಕೆಂದಿದ್ದುದನ್ನು ಆ ಸಂಜೆ ಕೇಳಿದರು: "ಇದನ್ನು ಕೆಡಿಸಿದ್ದು ಅವರೇ ಏನು?"

ಮೇಸ್ತ್ರಿ ಕೈ ಒರಸಿಕೊಳ್ಳುತ್ತ, "ಅವರು ಹತ್ತದೆ ಇದ್ದಿದ್ದರೆ ಐದು ವರ್ಷದ ಹಿಂದೆಯೇ ನಾಲ್ಕನೆಯ ತೊಲೆಯೂ ಹೋಗುತ್ತಿತ್ತು" ಎಂದ. ಅದು ಕಸುಬಿನ ಮಾತೋ ದಾಕ್ಷಿಣ್ಯದ ಮಾತೋ, ಅಳಿಯಂದಿರನ್ನು ನಾನು ಕೇಳಲಿಲ್ಲ.

ಐದನೆಯ ದಿನ ಹೊಸ ಹಲಗೆ, ಹೊಸ ತೊಗಲು ಕೂತುವು. ಅಡ್ಡಪಟ್ಟಿಯ ಅಡಿಗೆ ಬ್ಯೂಟೈಲ್, ಮೇಲೆ ಅಗಲವಾದ ಪಟ್ಟಿ, ಅದರ ಅಂಚಿಗೆ ಹರಿಯುವ ಸೀಲೆಂಟು, ಮೂಲೆಯ ಇಳಿಜಾರಿಗೆ ಹರಿಯದ ಸೀಲೆಂಟು. ಮತ್ತೆ ಊದುಯಂತ್ರ ಹಚ್ಚಿ ಸೋಪಿನ ನೀರು ಸಿಂಪಡಿಸಿದ. ನಾವೆಲ್ಲ ಕತ್ತೆತ್ತಿ ನೋಡಿದೆವು. ನೀರು ಸುಮ್ಮನೆ ಜಾರಿ ಕೆಳಗಿಳಿಯಿತು. ಮೇಸ್ತ್ರಿ ಹೋಗುವ ಮುನ್ನ ಮಾಡಿನ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ಯಾವ ಸಂದಿಗೆ ಯಾವ ಅಂಟು ಎಂದು ಗುರುತಿಸಿ ಆಕೆಗೆ ಕೊಟ್ಟ. "ನೀವು ಹತ್ತಬೇಡಿ. ಹತ್ತುವವರಿಗೆ ಇದನ್ನು ತೋರಿಸಿ" ಎಂದ. ಉತ್ತರದಲ್ಲಿ ಕೂಲಿ ಹೆಚ್ಚು ಎಂದೂ, ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದ ಕೂಡಲೆ ತನಗೆ ಹೇಳಿ ಕಳುಹಿಸಬೇಕೆಂದೂ ಸೇರಿಸಿದ. ವರ್ಷಕ್ಕೊಮ್ಮೆ ಮಾಡು ಹತ್ತಿ ನೋಡಿ ಬರುವುದಕ್ಕೆ ಅವನು ಗೊತ್ತುಮಾಡಿದ ಸಂಬಳ, ಅಳಿಯಂದಿರ ಲೆಕ್ಕದಲ್ಲಿ, ಅವನ ಬಂಡಿಯ ಪೆಟ್ರೋಲಿಗೆ ಸಾಲುತ್ತದೆ.

ನಾವು ಬೆಂಗಳೂರಿಗೆ ಹಿಂದಿರುಗಿದ ಮೇಲೆ, ಮೇ ತಿಂಗಳಿನಲ್ಲಿ, ಮಗಳು ದೂರವಾಣಿಯಲ್ಲಿ ಮಾತನಾಡುತ್ತ ಆಕೆಯ ಸುದ್ದಿ ಹೇಳಿದಳು. ಆರೆಗಾನಿನ ತೀರದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತಂತೆ. ಆಕೆ ಮೇಲಿನ ಮಂಚದಲ್ಲಿಯೇ ಮಲಗಿದ್ದರಂತೆ, ಮಾಡು ಒಣಗಿದೆ. ಆದರೆ ಪಕ್ಕದ ಕಿಟಕಿಯ ಕೆಳಗೆ ಒಂದಿಷ್ಟು ತೇವ ಕಾಣಿಸಿದೆ. ಅದು ನೆಲದ ಮೇಲೆ ನಿಂತರೆ ಕೈಗೆ ಎಟಕುವ ಎತ್ತರ. ಅದಕ್ಕೆ ಹರಿಯದ ಬಗೆಯ ಸೀಲೆಂಟು ಕೊಂಡಿದ್ದಾರೆ. ಬಿಸಿಲು ಬಂದ ದಿನ ತಾವೇ ಹಾಕುತ್ತಾರಂತೆ.